ಒಂದು ಕೋನ, ಒಂದು ಉದ್ದ: ಲಂಬಕೋನ ತ್ರಿಭುಜದಲ್ಲಿ ಗೊತ್ತಿಲ್ಲದ ಅಳತೆ ತೆಗೆಯುವುದು ಹೇಗೆ

ಲಂಬಕೋನ ತ್ರಿಭುಜದಲ್ಲಿ ಒಂದು ಮೂಲೆ 90 ಡಿಗ್ರಿ ಇದ್ದೇ ಇರುತ್ತದೆ. ಉಳಿದ ಎರಡು ಮೂಲೆಗಳಲ್ಲಿ ಒಂದರ ಕೋನ ಗೊತ್ತಿರಲಿ. ಮೂರು ಬಾಹುಗಳಲ್ಲಿ ಒಂದರ ಉದ್ದ ಗೊತ್ತಿರಲಿ. ಇಷ್ಟು ಸಾಕು. ಉಳಿದ ಎರಡು ಉದ್ದಗಳನ್ನು ಕಾಗದದ ಮೇಲೆಯೇ ತೆಗೆಯಬಹುದು. ಏಣಿ ಹತ್ತುವುದು ಬೇಡ, ಟೇಪು ಹಿಡಿಯಲು ಇನ್ನೊಬ್ಬ ಬೇಡ. ಪೈಪಿಗೆ ಕಟರ್ ಹಚ್ಚುವ ಮೊದಲೇ ಅಳತೆ ಕೈಯಲ್ಲಿರುತ್ತದೆ.

ನಾನು ಪುಣೆಯ ಭೋಸರಿಯಲ್ಲಿ ಫ್ಯಾಬ್ರಿಕೇಶನ್ ಕೆಲಸ ಮಾಡುತ್ತೇನೆ. ಊರು ವಿಜಯಪುರ ಜಿಲ್ಲೆ. ಪತ್ರಾ (ತಗಡು) ಶೆಡ್ಡು, ಕಬ್ಬಿಣದ ಮೆಟ್ಟಿಲು, ಗ್ರಿಲ್ಲು, ಗೇಟು ಮಾಡುತ್ತೇವೆ. ನಮ್ಮಲ್ಲಿ ಕೆಲಸಕ್ಕೆ ಬರುವ ಹುಡುಗರು ಹೆಚ್ಚಾಗಿ ಇಂಡಿ, ಸಿಂದಗಿ, ಅಫಜಲಪುರ ಕಡೆಯವರು. ಗುರುವಾರ ಇಲ್ಲಿ ಕಾರ್ಖಾನೆಗಳಿಗೆ ರಜೆ. ಆ ದಿನ ಸಂಜೆ ಹುಡುಗರನ್ನೂ, ಹತ್ತನೇ ತರಗತಿ ಓದುವ ನಮ್ಮ ಅಕ್ಕನ ಮಗಳನ್ನೂ ಒಟ್ಟಿಗೆ ಕೂರಿಸಿಕೊಂಡು ಈ ಲೆಕ್ಕ ಹೇಳಿಕೊಡುತ್ತೇನೆ. ಅವಳಿಗೆ ಬೋರ್ಡಿನ ಗಣಿತ ಭಾಗ ಎರಡರ 40 ಅಂಕದ ಪೇಪರಿಗೆ ಬೇಕು. ಹುಡುಗರಿಗೆ ಪೈಪು ಕತ್ತರಿಸಲು ಬೇಕು. ಲೆಕ್ಕ ಒಂದೇ, ಎಲ್ಲರೂ ತಡವರಿಸುವ ಜಾಗವೂ ಒಂದೇ. ಸೂತ್ರ ಬಾಯಿಗೆ ಬರುತ್ತದೆ. ಆದರೆ ಯಾವ ಬಾಹುವಿಗೆ ಯಾವ ಹೆಸರು ಅನ್ನುವಲ್ಲಿ ನಿಂತುಬಿಡುತ್ತಾರೆ. ಅದಕ್ಕೇ ನಾನು ಸೂತ್ರದಿಂದ ಶುರು ಮಾಡುವುದಿಲ್ಲ.

ಮೊದಲು ಮೂಲೆ ನೋಡಿ

ಪುಸ್ತಕದ ಚಿತ್ರದಲ್ಲಿ 90 ಡಿಗ್ರಿ ಮೂಲೆಗೆ ಚಿಕ್ಕ ಚೌಕ ಬರೆದಿರುತ್ತಾರೆ. ಸೈಟಿನಲ್ಲಿ ಅದನ್ನು ನಾವೇ ಪರೀಕ್ಷೆ ಮಾಡಬೇಕು. ಚಿಕ್ಕ ಕೆಲಸಕ್ಕೆ ಮೂಲೆಮಟ್ಟ ಸಾಕು. ಇಲ್ಲಿನ ಗವಂಡಿಗಳು ಅದಕ್ಕೆ ಗುಣ್ಯಾ ಅನ್ನುತ್ತಾರೆ. ದೊಡ್ಡ ಜಾಗವಾದರೆ ಒಂದು ಗೋಡೆಯಗುಂಟ ಮೂಲೆಯಿಂದ 3 ಅಡಿಗೆ ಗುರುತು ಹಾಕಿ, ಇನ್ನೊಂದು ಗೋಡೆಯಗುಂಟ 4 ಅಡಿಗೆ ಹಾಕಿ. ಎರಡು ಗುರುತುಗಳ ನಡುವೆ ಓರೆಯಾಗಿ ಟೇಪು ಹಿಡಿಯಿರಿ. ಸರಿಯಾಗಿ 5 ಅಡಿ ಬಂದರೆ ಮೂಲೆ 90 ಡಿಗ್ರಿ. 3ರ ವರ್ಗ 9, 4ರ ವರ್ಗ 16, ಕೂಡಿದರೆ 25, ಅದು 5ರ ವರ್ಗ. 5ಕ್ಕಿಂತ ಕಡಿಮೆ ಬಂದರೆ ಮೂಲೆ 90ಕ್ಕಿಂತ ಕಿರಿದು, ಜಾಸ್ತಿ ಬಂದರೆ ಅಗಲ. ಜಾಗ ಇದ್ದರೆ 6, 8, 10 ಹಿಡಿಯಿರಿ. ಅಳತೆ ದೊಡ್ಡದಾದಷ್ಟೂ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ.

ಗೋಡೆ ನೆಟ್ಟಗಿದೆಯಾ ಅಂತ ಓಳಂಬಾ (ದಾರಕ್ಕೆ ಕಟ್ಟಿದ ತೂಕದ ಗುಂಡು) ಬಿಟ್ಟು ನೋಡಿ. ಹಳೆಯ ಕಲ್ಲಿನ ಗೋಡೆಗಳು ಎಷ್ಟೋ ಕಡೆ ಒಳಗೋ ಹೊರಗೋ ವಾಲಿರುತ್ತವೆ. ಮೂಲೆ 90 ಇಲ್ಲದಿದ್ದರೆ ಮುಂದೆ ಹೇಳುವ ಯಾವುದೂ ಅಲ್ಲಿ ನಡೆಯುವುದಿಲ್ಲ.

ಕೋನದಲ್ಲಿ ನಿಂತು ಹೆಸರಿಡಿ

ಇದೇ ಮುಖ್ಯ. ಇಲ್ಲಿ ಅವಸರ ಬೇಡ.

ಒಂದು ಲಂಬಕೋನ ತ್ರಿಭುಜ ಬರೆಯಿರಿ. 90 ಡಿಗ್ರಿ ಮೂಲೆಗೆ ಎದುರಾಗಿರುವ ಓರೆ ಬಾಹು ವಿಕರ್ಣ. ಇದು ಮೂರರಲ್ಲಿ ಎಲ್ಲಕ್ಕಿಂತ ಉದ್ದದ್ದು. ನೀವು ಎಲ್ಲಿ ನಿಂತು ನೋಡಿದರೂ ವಿಕರ್ಣ ವಿಕರ್ಣವೇ. ಉಳಿದ ಎರಡಕ್ಕೆ ಮಾತ್ರ ಕಾಯಂ ಹೆಸರಿಲ್ಲ.

ಈಗ ನಿಮಗೆ ಗೊತ್ತಿರುವ ಕೋನದ ಮೇಲೆ ಬೆರಳಿಡಿ. ಆ ಬೆರಳಿಗೆ ತಾಗದೆ ಆಚೆ ಇರುವ ಬಾಹು ಎದುರು ಬಾಹು. ಪುಸ್ತಕದಲ್ಲಿ ಅಭಿಮುಖ ಬಾಹು ಅಂತ ಬರೆದಿರುತ್ತದೆ. ಬೆರಳಿಗೆ ತಾಗುವ ಬಾಹುಗಳು ಎರಡು. ಅದರಲ್ಲಿ ಒಂದು ವಿಕರ್ಣ. ಉಳಿದದ್ದು ಪಕ್ಕದ ಬಾಹು, ಅಂದರೆ ಪಾರ್ಶ್ವ ಬಾಹು.

ಬೆರಳನ್ನು ಇನ್ನೊಂದು ಕೋನಕ್ಕೆ ಸರಿಸಿ. ಎದುರಿದ್ದದ್ದು ಪಕ್ಕಕ್ಕೆ ಬಂತು, ಪಕ್ಕದ್ದು ಎದುರಾಯಿತು, ಅಲ್ವಾ? ಗೋಡೆಗೆ ಒರಗಿಸಿದ ಏಣಿಯನ್ನೇ ನೋಡಿ. ನೆಲದ ಕೋನದಿಂದ ನೋಡಿದರೆ ಗೋಡೆ ಎದುರು. ಮೇಲೆ ಏಣಿಯ ತುದಿ ಗೋಡೆಗೆ ತಾಗುವ ಕೋನದಿಂದ ನೋಡಿದರೆ ನೆಲ ಎದುರು. ಅದಕ್ಕೇ ಬರೀ ‘ಎದುರು ಬಾಹು’ ಅಂದರೆ ಅರ್ಥ ಪೂರ್ತಿ ಆಗುವುದಿಲ್ಲ. ಯಾವ ಕೋನಕ್ಕೆ ಎದುರು ಅಂತ ಹೇಳಬೇಕು.

ಅಕ್ಕನ ಮಗಳು ಮೊದಮೊದಲು ಲೆಕ್ಕ ಓದಿದ ಕೂಡಲೇ ಕೇಳುತ್ತಿದ್ದಳು: “ಮಾಮಾ, ಸೈನ್ ಹಾಕ್ಲೋ, ಕಾಸ್ ಹಾಕ್ಲೋ?” ನಾನು ಅದಕ್ಕೆ ಉತ್ತರ ಕೊಡುತ್ತಿರಲಿಲ್ಲ. “ಮೊದಲು ಚಿತ್ರ ಬರಿ. ಮೂರೂ ಬಾಹುವಿನ ಮೇಲೆ ಹೆಸರು ಬರಿ. ಆಮೇಲೆ ಕೇಳು” ಅನ್ನುತ್ತಿದ್ದೆ. ಹೆಸರು ಬರೆದ ಮೇಲೆ ಅವಳಿಗೆ ಕೇಳುವ ಅಗತ್ಯವೇ ಬೀಳುತ್ತಿರಲಿಲ್ಲ.

ಮೂರು ಅನುಪಾತಗಳು

ಸೈನ್ = ಎದುರು ÷ ವಿಕರ್ಣ
ಕಾಸ್ = ಪಕ್ಕ ÷ ವಿಕರ್ಣ
ಟ್ಯಾನ್ = ಎದುರು ÷ ಪಕ್ಕ

ಈ ಭಾಗಾಕಾರದಿಂದ ಏನು ಸಿಗುತ್ತದೆ? ನೋಟ್‌ಬುಕ್ಕಿನಲ್ಲಿ 30 ಡಿಗ್ರಿ ಕೋನದ ಒಂದು ಲಂಬಕೋನ ತ್ರಿಭುಜ ಬರೆಯಿರಿ, ವಿಕರ್ಣ 10 ಸೆಂ.ಮೀ. ಇರಲಿ. ಎದುರು ಬಾಹು ಅಳೆದರೆ 5 ಸೆಂ.ಮೀ. ಬರುತ್ತದೆ. ವಿಕರ್ಣ 16 ಮಾಡಿ, ಎದುರು 8 ಆಗುತ್ತದೆ. ಅದೇ ಕೋನದಲ್ಲಿ 20 ಅಡಿಯ ಪೈಪನ್ನು ನಿಲ್ಲಿಸಿದರೆ ತುದಿ 10 ಅಡಿ ಮೇಲಿರುತ್ತದೆ. ಕೋನ ಒಂದೇ ಆಗಿದ್ದರೆ ತ್ರಿಭುಜ ದೊಡ್ಡದಾಗಲಿ ಚಿಕ್ಕದಾಗಲಿ, ಬಾಹುಗಳ ಅನುಪಾತ ಬದಲಾಗುವುದಿಲ್ಲ. 30 ಡಿಗ್ರಿಗೆ ಸೈನ್ ಯಾವಾಗಲೂ 0.5. ಕೈಯಳತೆಯ ಚಿತ್ರದಲ್ಲಿ ನಿಜವಾದದ್ದು ಕಾರ್ಖಾನೆಯ ಛಾವಣಿಯಲ್ಲೂ ನಿಜ. ಇದು ನನಗೆ ಈಗಲೂ ಬಹಳ ಇಷ್ಟವಾದ ಮಾತು.

ಪ್ರತಿ ಕೋನಕ್ಕೂ ಈ ಬೆಲೆ ಎಷ್ಟು ಅಂತ ಹಿಂದಿನವರು ಕೋಷ್ಟಕ ಮಾಡಿಟ್ಟರು. ಆರ್ಯಭಟ ಕ್ರಿ.ಶ. 499ರಷ್ಟು ಹಿಂದೆಯೇ 3¾ ಡಿಗ್ರಿಗೊಂದರಂತೆ 90 ಡಿಗ್ರಿಯವರೆಗಿನ ಸೈನ್ ಕೋಷ್ಟಕವನ್ನು ಕೊಟ್ಟ. ಅದರ 24 ಅಂತರಗಳನ್ನು ಒಂದೇ ಪದ್ಯದಲ್ಲಿ ಅಡಗಿಸಿಟ್ಟ. ನಮಗೆ ಈಗ ಫೋನಿನಲ್ಲೇ ಸಿಗುತ್ತದೆ. ಆದರೂ ಇವಿಷ್ಟು ಬಾಯಲ್ಲಿರಲಿ:

30°: ಸೈನ್ 0.5, ಕಾಸ್ 0.866, ಟ್ಯಾನ್ 0.577
45°: ಸೈನ್ 0.707, ಕಾಸ್ 0.707, ಟ್ಯಾನ್ 1
60°: ಸೈನ್ 0.866, ಕಾಸ್ 0.5, ಟ್ಯಾನ್ 1.732

ಫೋನಿನ ಕ್ಯಾಲ್ಕುಲೇಟರ್ ತೆಗೆದ ಕೂಡಲೇ ಸೈನ್ 30 ಒತ್ತಿ ನೋಡಿ. 0.5 ಬರಬೇಕು. –0.988 ಬಂದರೆ ಅದು ರೇಡಿಯನ್ ಲೆಕ್ಕದಲ್ಲಿದೆ (ಅದು ಕೋನ ಅಳೆಯುವ ಇನ್ನೊಂದು ಪದ್ಧತಿ), ಡಿಗ್ರಿಗೆ ಬದಲಿಸಿ. ಹುಡುಗರಿಗೆ ಇದನ್ನು ಪ್ರತಿ ಸಲ ಮಾಡಿಸುತ್ತೇನೆ.

ಪೋಟಮಾಳಾಕ್ಕೆ ಮೆಟ್ಟಿಲು

ಪುಣೆಯಲ್ಲಿ ಚಿಕ್ಕ ಅಂಗಡಿಗಳಲ್ಲಿ ಸಾಮಾನಿಡಲು ಅರ್ಧ ಮಾಳಿಗೆ ಮಾಡಿಸುತ್ತಾರೆ. ಇಲ್ಲಿ ಪೋಟಮಾಳಾ ಅನ್ನುತ್ತಾರೆ. ಮಾಳಿಗೆ ನೆಲದಿಂದ 8 ಅಡಿ ಎತ್ತರ ಇದೆ. ಕಬ್ಬಿಣದ ಮೆಟ್ಟಿಲು ನೆಲದ ಜೊತೆ 60 ಡಿಗ್ರಿ ಕೋನದಲ್ಲಿ ನಿಲ್ಲಬೇಕು. ಮೆಟ್ಟಿಲು ಹಿಡಿದಿಡುವ ಓರೆ ಪಟ್ಟಿಗೆ ಎಷ್ಟು ಉದ್ದದ ಪೈಪು ಬೇಕು? ನೆಲದಲ್ಲಿ ಎಷ್ಟು ಜಾಗ ಹೋಗುತ್ತದೆ?

ನೆಲದ ಕೋನದ ಮೇಲೆ ಬೆರಳಿಡಿ. 8 ಅಡಿ ಎತ್ತರ ಎದುರು ಬಾಹು, ಇದು ಗೊತ್ತು. ಪೈಪು ವಿಕರ್ಣ, ಇದು ಬೇಕು. ಎದುರು ಮತ್ತು ವಿಕರ್ಣ ಎರಡೂ ಇರುವ ಅನುಪಾತ ಯಾವುದು? ಸೈನ್. ಹಾಗಾದರೆ ಬರೆಯಿರಿ:

ಸೈನ್ 60° = 8 ÷ ಪೈಪು
ಪೈಪು = 8 ÷ 0.866 = 9.238 ಅಡಿ

ಗೊತ್ತಿರುವುದು ಒಂದು, ಬೇಕಾದದ್ದು ಒಂದು, ಆ ಎರಡೂ ಸೇರಿರುವ ಅನುಪಾತವನ್ನು ಆರಿಸಿ. ಆಯ್ಕೆ ಇಷ್ಟೇ. ಗುಣಿಸಬೇಕೋ ಭಾಗಿಸಬೇಕೋ ಅಂತ ಊಹೆ ಮಾಡಬೇಡಿ. ಮೊದಲು ಅನುಪಾತವನ್ನು ಇದ್ದ ಹಾಗೆ ಬರೆಯಿರಿ. ಬೇಕಾದ ಉದ್ದ ಮೇಲಿದ್ದರೆ ಗುಣಿಸುತ್ತೀರಿ, ಕೆಳಗಿದ್ದರೆ ಭಾಗಿಸುತ್ತೀರಿ. ಇಲ್ಲಿ ಪೈಪು ಕೆಳಗಿದೆ. 8 × 0.866 ಮಾಡಿದ್ದರೆ 6.9 ಬರುತ್ತಿತ್ತು. ಓರೆ ಪೈಪು ಎತ್ತರಕ್ಕಿಂತ ಚಿಕ್ಕದಾಗಲು ಸಾಧ್ಯವೇ ಇಲ್ಲ. ವಿಕರ್ಣ ಎಲ್ಲಕ್ಕಿಂತ ಉದ್ದವಾಗಿ ಬಂತಾ ಅಂತ ನೋಡಿದರೆ ಅರ್ಧ ತಪ್ಪುಗಳು ಅಲ್ಲೇ ಸಿಗುತ್ತವೆ.

ನೆಲದ ಜಾಗ ಪಕ್ಕದ ಬಾಹು. ಟ್ಯಾನ್ 60° = 8 ÷ ನೆಲ. ನೆಲ = 8 ÷ 1.732 = 4.619 ಅಡಿ. ಪೈಥಾಗೊರಸ್ ಹಾಕಿ ತಾಳೆ ನೋಡಿ: 64 + 21.34 = 85.34, ಅದರ ವರ್ಗಮೂಲ 9.238. ಸರಿ ಇದೆ.

ಇಲ್ಲಿ ಒಂದು ಮುಖ್ಯವಾದ ಮಾತು. 9.238 ಅಡಿ ಅಂದರೆ 9 ಅಡಿ 2 ಇಂಚು ಚಿಲ್ಲರೆ ಅಂತ ಸುಮ್ನೆ ಓದಿಬಿಡಬೇಡಿ. ಬಿಂದುವಿನ ನಂತರದ ಭಾಗವನ್ನು 12ರಿಂದ ಗುಣಿಸಬೇಕು. 0.238 × 12 = 2.856 ಇಂಚು. ಸೂತ ಅಂದರೆ ಇಂಚಿನ ಎಂಟನೇ ಒಂದು ಭಾಗ, ಹಾಗಾಗಿ ಉಳಿದ 0.856 ಇಂಚನ್ನು 8ರಿಂದ ಗುಣಿಸಿದರೆ ಹತ್ತಿರ ಹತ್ತಿರ 7 ಸೂತ. ಹಾಗಾಗಿ ಪೈಪು 9 ಅಡಿ 2 ಇಂಚು 7 ಸೂತ. ನೆಲದ ಜಾಗ 4 ಅಡಿ 7 ಇಂಚು 3 ಸೂತ. ಮೊದಲನೆಯದರಲ್ಲಿ ಬಿಂದುವಿನ ನಂತರದ 2, ಇಂಚಿನ 2 ಒಂದೇ ಆಗಿ ಕಂಡದ್ದು ಕಾಕತಾಳೀಯ. 4.619 ಅಡಿ 4 ಅಡಿ 6 ಇಂಚಲ್ಲ ಅನ್ನುವುದನ್ನು ನೋಡಿ. ಅಡಿಯ ನೂರನೇ ಒಂದು ಭಾಗ ಸುಮಾರು ಒಂದು ಸೂತಕ್ಕೆ ಸಮ. ಅದಕ್ಕೇ ಲೆಕ್ಕದಲ್ಲಿ ಬಿಂದುವಿನ ನಂತರ ಮೂರು ಅಂಕೆ ಇಟ್ಟುಕೊಳ್ಳಿ, ಕೊನೆಗೆ ಮಾತ್ರ ದುಂಡಾಗಿಸಿ.

ಅದೇ ಮೆಟ್ಟಿಲನ್ನು 45 ಡಿಗ್ರಿಗೆ ಇಟ್ಟರೆ ಪೈಪು 11.314 ಅಡಿ, ನೆಲದ ಜಾಗ ಪೂರ್ತಿ 8 ಅಡಿ. ಹತ್ತಲು ಸುಲಭ, ಆದರೆ ಚಿಕ್ಕ ಅಂಗಡಿಯಲ್ಲಿ 8 ಅಡಿ ಬಿಟ್ಟುಕೊಡುವವರು ಯಾರು? ಮಾಲೀಕರ ಜೊತೆ ಮಾತಾಡುವ ಮೊದಲೇ ಎರಡೂ ಲೆಕ್ಕ ಬರೆದುಕೊಂಡು ಹೋಗಿ. ಅವರು ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ತೀರ್ಮಾನ ಮಾಡಲಿ.

ಕತ್ತರಿಸುವಾಗ ಕೋನ ತಿರುಗುತ್ತದೆ, ಗಮನ ಇರಲಿ. ಕಟಿಂಗ್ ಮಷೀನಿನ ಸೊನ್ನೆ ಅಂದರೆ ನೇರ ಕಟ್. ಪೈಪಿನ ಬುಡ ನೆಲದ ಮೇಲೆ ಚಪ್ಪಟೆಯಾಗಿ ಕೂರಬೇಕಾದರೆ ಮಷೀನನ್ನು 60ಕ್ಕೆ ಅಲ್ಲ, 30ಕ್ಕೆ ಇಡಬೇಕು, ಅಂದರೆ 90ರಲ್ಲಿ 60 ಕಳೆದು. ಮೇಲಿನ ತುದಿ ನೆಟ್ಟನೆಯ ಮೇಲ್ಮೈಗೆ ಕೂರಬೇಕಾದರೆ 60 ಬೇಕು. ಸಾಮಾನ್ಯ ಮಷೀನು 45ರ ಆಚೆ ತಿರುಗುವುದಿಲ್ಲ. ಅಲ್ಲಿ ಗೆರೆ ಎಳೆದು ಗ್ರೈಂಡರಿನಿಂದ ಕತ್ತರಿಸಿ.

ಪತ್ರಾದ ಇಳಿಜಾರು

ಮನೆಯ ಹಿಂದೆ ಒಂದು ಕಡೆಗೆ ಇಳಿಯುವ ಶೆಡ್ಡು. ಗೋಡೆಯಿಂದ ಕಂಬದವರೆಗೆ ನೆಲದಲ್ಲಿ 10 ಅಡಿ, ಇಳಿಜಾರು 15 ಡಿಗ್ರಿ. 15ಕ್ಕೆ ಕಾಸ್ 0.9659, ಟ್ಯಾನ್ 0.2679.

ಈ ಸಲ ಗೊತ್ತಿರುವುದು ಪಕ್ಕದ ಬಾಹು. ಓರೆ ಪೈಪು ಬೇಕು, ಅಂದರೆ ಕಾಸ್. 10 ÷ 0.9659 = 10.353 ಅಡಿ, ಅಂದರೆ 10 ಅಡಿ 4 ಇಂಚು 2 ಸೂತ. ಗೋಡೆಯ ಕಡೆ ಎಷ್ಟು ಮೇಲೆ ಏರಿಸಬೇಕು? ಎದುರು ಬೇಕು, ಪಕ್ಕ ಗೊತ್ತು, ಅಂದರೆ ಟ್ಯಾನ್. 10 × 0.2679 = 2.679 ಅಡಿ, 2 ಅಡಿ 8 ಇಂಚು 1 ಸೂತ. 12 ಅಡಿಯ ಪತ್ರಾ ತಂದರೆ ಕಂಬದ ಆಚೆ ಒಂದೂವರೆ ಅಡಿಗಿಂತ ಸ್ವಲ್ಪ ಜಾಸ್ತಿ ಚಾಚುತ್ತದೆ. ಮಳೆನೀರು ಕಂಬದ ಬುಡಕ್ಕೆ ಬೀಳದಿರಲು ಅಷ್ಟು ಸಾಕು.

ಕೊಂಕಣ, ಗೋವಾದ ಹೆಂಚಿನ ಮನೆಗಳಲ್ಲಿ ಇಳಿಜಾರು ಇದಕ್ಕಿಂತ ಕಡಿದು. ಇದೇ ಶೆಡ್ಡನ್ನು 30 ಡಿಗ್ರಿ ಮಾಡಿದರೆ ಏನಾಗುತ್ತದೆ ನೋಡಿ. ಓರೆ ಪೈಪು 11.547 ಅಡಿ, ಅಂದರೆ ಒಂದು ಅಡಿ ಚಿಲ್ಲರೆಯಷ್ಟೇ ಜಾಸ್ತಿ. ಆದರೆ ಏರಿಕೆ 5.774 ಅಡಿ, ಮೊದಲಿನ ಎರಡು ಪಟ್ಟಿಗಿಂತ ಜಾಸ್ತಿ! ಕೋನ ಎರಡು ಪಟ್ಟಾದರೆ ಉದ್ದಗಳೂ ಎರಡು ಪಟ್ಟಾಗುತ್ತವೆ ಅಂದುಕೊಂಡವರು ಇಲ್ಲಿ ಸಾಮಾನು ತಪ್ಪಾಗಿ ತರುತ್ತಾರೆ.

ಏಣಿಗೆ 75 ಡಿಗ್ರಿ ಒಳ್ಳೆಯದು. 75ಕ್ಕೆ ಟ್ಯಾನ್ 3.732. 12 ಅಡಿ ಎತ್ತರಕ್ಕೆ ಒರಗಿಸುವಾಗ ಬುಡ ಗೋಡೆಯಿಂದ 12 ÷ 3.732, ಸುಮಾರು 3 ಅಡಿ 2½ ಇಂಚು ದೂರ ಇರಬೇಕು. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ದೂರ ಅನ್ನುವ ಸೈಟಿನ ನಿಯಮವೂ ಇಲ್ಲಿಂದಲೇ. ಮೇಲೆ ಇಳಿಯಬೇಕಾದರೆ ಏಣಿಯ ತುದಿ ಅಂಚಿನ ಆಚೆ 3 ಅಡಿ ಇರಲಿ. ಇದರಲ್ಲಿ ರಾಜಿ ಬೇಡ.

ಕೋನವೇ ಗೊತ್ತಿಲ್ಲದಿದ್ದರೆ

ಎರಡು ಉದ್ದ ಗೊತ್ತಿದ್ದರೆ ಕೋನ ತೆಗೆಯಬಹುದು. ಗಾಲಿಕುರ್ಚಿಯ ರ‍್ಯಾಂಪಿಗೆ 12 ಅಡಿಗೆ 1 ಅಡಿ ಏರಿಕೆ ಅನ್ನುತ್ತಾರೆ. ಎದುರು 1, ಪಕ್ಕ 12, ಟ್ಯಾನ್ 0.0833. ಕ್ಯಾಲ್ಕುಲೇಟರಿನಲ್ಲಿ ಟ್ಯಾನ್ ಮೇಲೆ –1 ಬರೆದಿರುವ ಗುಂಡಿ ಒತ್ತಿ. 4.76 ಡಿಗ್ರಿ ಬರುತ್ತದೆ. ಬಾಗಿಲು ಒಂದೂವರೆ ಅಡಿ ಎತ್ತರದಲ್ಲಿದ್ದರೆ ನೆಲದಲ್ಲಿ 18 ಅಡಿ ಬೇಕು. ಓರೆ ಉದ್ದ 18.06 ಅಡಿ. ಇಷ್ಟು ಚಿಕ್ಕ ಕೋನದಲ್ಲಿ ಓರೆ ಉದ್ದಕ್ಕೂ ನೆಲದ ಉದ್ದಕ್ಕೂ ಮುಕ್ಕಾಲು ಇಂಚಿನಷ್ಟೇ ವ್ಯತ್ಯಾಸ.

ಹತ್ತಲಾಗದ್ದನ್ನು ಅಳೆಯುವುದು

ಕೋನಮಾಪಕ, ಒಂದು ದಾರ, ಒಂದು ನಟ್ಟು. ದಾರದ ತುದಿಗೆ ನಟ್ಟು ಕಟ್ಟಿ ಕೋನಮಾಪಕದ ನಡುಬಿಂದುವಿಗೆ ಅಂಟಿಸಿ. ನೇರ ಅಂಚು ಮೇಲೆ, ಕಮಾನು ಕೆಳಗೆ. ನೇರ ಅಂಚಿನಗುಂಟ ಒಂದು ಸ್ಟ್ರಾ ಅಂಟಿಸಿ, ಅದರೊಳಗಿಂದ ತುದಿಯನ್ನು ನೋಡಿ. ನೇರ ಮುಂದೆ ನೋಡಿದಾಗ ದಾರ 90ರ ಮೇಲಿರುತ್ತದೆ. ಮೇಲೆ ನೋಡಿದಾಗ ಎಷ್ಟು ಸರಿಯುತ್ತದೋ ಅದೇ ನಿಮ್ಮ ಉನ್ನತ ಕೋನ. ದಾರ 50ರ ಮೇಲಿದ್ದರೆ ಕೋನ 40. ದಾರ ಹಿಡಿದು ಓದಲು ಇನ್ನೊಬ್ಬರಿರಲಿ.

ನೀರಿನ ಟಾಕಿಯಿಂದ 20 ಮೀಟರ್ ದೂರ ನಿಂತಾಗ 40 ಡಿಗ್ರಿ ಬಂತು ಅನ್ನಿ. 40ಕ್ಕೆ ಟ್ಯಾನ್ 0.8391. 20 × 0.8391 = 16.78 ಮೀಟರ್. ಇದು ನಿಮ್ಮ ಕಣ್ಣಿನ ಮಟ್ಟದಿಂದ ಮೇಲಿನ ಎತ್ತರ. ಕಣ್ಣು ನೆಲದಿಂದ ಒಂದೂವರೆ ಮೀಟರ್ ಮೇಲಿದ್ದರೆ ಅದನ್ನು ಕೂಡಿಸಿ: 18.28. ಪರೀಕ್ಷೆಯಲ್ಲೂ ‘ವೀಕ್ಷಕನ ಎತ್ತರ’ ಕೊಟ್ಟಿದ್ದರೆ ಇದಕ್ಕೇ.

ಎಲ್ಲಿ ನಿಲ್ಲಬೇಕು ಅನ್ನುವುದೂ ಮುಖ್ಯ. ಕೋನ 45ರ ಹತ್ತಿರ ಬರುವ ಜಾಗ ಆರಿಸಿ. ಅಲ್ಲಿ ಕೋನ ಓದುವಾಗ ಒಂದು ಡಿಗ್ರಿ ತಪ್ಪಿದರೆ ಎತ್ತರ ಸುಮಾರು 3.5 ಶೇಕಡಾ ತಪ್ಪುತ್ತದೆ. ಬುಡಕ್ಕೇ ಹೋಗಿ 80 ಡಿಗ್ರಿಯಲ್ಲಿ ನೋಡಿದರೆ ಅದೇ ಒಂದು ಡಿಗ್ರಿಗೆ ಸುಮಾರು 10 ಶೇಕಡಾ ತಪ್ಪುತ್ತದೆ.

ಮುಂಬೈಯಲ್ಲಿರುವವರು ನಿಮ್ಮ ಉಪಕರಣವನ್ನು ರಾಜಾಬಾಯಿ ಗೋಪುರದ ಮೇಲೆ ಪರೀಕ್ಷೆ ಮಾಡಿ. 1878ರಲ್ಲಿ ಪೂರ್ತಿಯಾದ ಗಡಿಯಾರ ಗೋಪುರ, ಎತ್ತರ 280 ಅಡಿ, ಅಂದರೆ ಸುಮಾರು 85 ಮೀಟರ್. ಎದುರಿಗೇ ಓವಲ್ ಮೈದಾನ. ದೂರವನ್ನು ಫೋನಿನ ನಕ್ಷೆಯಲ್ಲಿ ಅಳೆಯಿರಿ. 150 ಮೀಟರ್ ದೂರದಲ್ಲಿ ನಿಂತರೆ ಕೋನ ಎಷ್ಟು ಬರಬೇಕು? 85ರಲ್ಲಿ ಕಣ್ಣಿನ ಎತ್ತರ 1.5 ಕಳೆದು 83.5. ಅದನ್ನು 150ರಿಂದ ಭಾಗಿಸಿದರೆ 0.5567. ಕೋನ 29.1 ಡಿಗ್ರಿ. ನಿಮ್ಮ ದಾರ 61ರ ಆಸುಪಾಸು ತೋರಿಸಿದರೆ ಉಪಕರಣವನ್ನು ನಂಬಬಹುದು.

ಬುಡಕ್ಕೆ ಹೋಗಲು ಆಗದಿದ್ದರೆ? ಕಾಂಪೌಂಡಿನೊಳಗಿನ ಚಿಮಣಿ, ನದಿಯಾಚೆಯ ಮರ. ಆಗ ಎರಡು ಕಡೆ ನಿಂತು ಎರಡು ಕೋನ ಅಳೆಯಬೇಕು. ಹಿಮಾಲಯದ ಶಿಖರಗಳನ್ನು ಬ್ರಿಟಿಷರ ಕಾಲದ ಸರ್ವೆ ಇಲಾಖೆಯವರು ಹೀಗೇ ಬಯಲಿನ ಹಲವು ಠಾಣೆಗಳಿಂದ ಅಳೆದರು, ಏಕೆಂದರೆ ನೇಪಾಳದೊಳಗೆ ಅವರಿಗೆ ಪ್ರವೇಶ ಇರಲಿಲ್ಲ. ಎವರೆಸ್ಟನ್ನು ನೂರು ಮೈಲಿಗಿಂತ ಜಾಸ್ತಿ ದೂರದಿಂದ ನೋಡಿ, ಆ ಇಲಾಖೆಯ ಗಣಿತಜ್ಞ ರಾಧಾನಾಥ ಸಿಕ್ದಾರ್ ಲೆಕ್ಕ ಹಾಕಿ, 1856ರಲ್ಲಿ 29,002 ಅಡಿ ಅಂತ ಪ್ರಕಟಿಸಿದರು. ಈಗಿನ ಅಳತೆ 29,032 ಅಡಿಯ ಹತ್ತಿರ. ಅಷ್ಟು ದೂರಕ್ಕೆ ಭೂಮಿಯ ಬಾಗು, ಗಾಳಿಯಲ್ಲಿ ಬೆಳಕು ಬಾಗುವುದು ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಮ್ಮ ಚಿಮಣಿಗೆ ಅದು ಬೇಡ.

ಚಿಮಣಿಯನ್ನು ಒಂದು ಕಡೆಯಿಂದ ನೋಡಿದಾಗ 30 ಡಿಗ್ರಿ ಬಂತು. ನೇರ ಅದರ ಕಡೆಗೇ 20 ಮೀಟರ್ ನಡೆದು ನೋಡಿದಾಗ 45 ಬಂತು. ಕಣ್ಣಿನಿಂದ ಮೇಲಿನ ಎತ್ತರಕ್ಕೆ ಎ ಅನ್ನಿ. 45ಕ್ಕೆ ಟ್ಯಾನ್ 1, ಹಾಗಾಗಿ ಹತ್ತಿರದ ಜಾಗದಿಂದ ಬುಡಕ್ಕೂ ಎ ಮೀಟರ್. ದೂರದ ಜಾಗದಿಂದ ಎ + 20 ಮೀಟರ್. ಟ್ಯಾನ್ 30° = ಎ ÷ (ಎ + 20). ಇದನ್ನು ತಿರುಗಿಸಿದರೆ ಎ + 20 = 1.732 × ಎ. ಎರಡೂ ಕಡೆ ಒಂದು ಎ ಕಳೆದರೆ 20 = 0.732 × ಎ. ಎ = 27.32 ಮೀಟರ್. ಕಣ್ಣಿನ ಎತ್ತರ ಕೂಡಿಸಿ, ಚಿಮಣಿ ಸುಮಾರು 28.8 ಮೀಟರ್. ನಡೆಯುವಾಗ ನೆಲ ಸಮತಟ್ಟಾಗಿರಬೇಕು. ಎರಡು ಜಾಗ, ಚಿಮಣಿ ಮೂರೂ ಒಂದೇ ಗೆರೆಯಲ್ಲಿರಬೇಕು. ಮೊದಲ ಜಾಗದಲ್ಲಿ ಒಬ್ಬ ಹುಡುಗನನ್ನು ನಿಲ್ಲಿಸಿಯೇ ಮುಂದೆ ನಡೆಯಿರಿ. ತಿರುಗಿ ನೋಡಿದಾಗ ಅವನು ಸರಿಯಾಗಿ ಬೆನ್ನ ಹಿಂದೆ, ಚಿಮಣಿ ಸರಿಯಾಗಿ ಎದುರಿಗೆ ಇದ್ದರೆ ಟೇಪು ಹಿಡಿದು ಅಳೆಯಿರಿ.